ಸೈಕಲ್ ಅಂಗಡಿಯ ಮೇಲಿನ ಕಿಟಕಿ

ಮಾರ್ಚ್ 4, ಮಂಗಳವಾರ. ಬೆಳಗ್ಗೆ

ಎದ್ದೆ. ಫ್ಲಾಸ್ಕ್ ತುಂಬಿಸಿದೆ — ಟೀ ಅಲ್ಲ. ಕೊರಳಿಗೆ ಅಳತೆ ಟೇಪು, ಬಾಯಿಗೆ ಎರಡು ಲವಂಗ. ಕನ್ನಡಿಯ ಕಡೆ ಹೋಗಲಿಲ್ಲ.

ಇವತ್ತು ಹೋಟೆಲಿನವರ ಕರ್ಟನ್ ಕತ್ತರಿಸುವುದಿದೆ. ಮೊದಲ ಮುಚ್ಚಳ ಒಳಗೆ ಹೋಗುವವರೆಗೆ ಕತ್ತರಿ ನೆಟ್ಟಗೆ ಓಡುವುದಿಲ್ಲ. ಮೂರನೆಯದು ಹೋದ ಮೇಲೂ ಓಡುವುದಿಲ್ಲ. ನಡುವೆ ಸ್ವಲ್ಪ ಹೊತ್ತು ಸಿಗುತ್ತದೆ, ಕೆಲಸವೆಲ್ಲ ಅಷ್ಟರೊಳಗೇ ಆಗಬೇಕು. ಈ ವಯಸ್ಸಿಗೆ ಉಳಿದಿರುವ ಜಾಣತನ ಇಷ್ಟೇ.

ಅದೇ ದಿನ, ಸಂಜೆ ಏಳೂವರೆ

ನಮ್ಮ ಕರ್ಟನ್ ಅಂಗಡಿ ಮುಚ್ಚುವ ಮೊದಲು ಯಜಮಾನರು ಕರೆದರು. "ಸೈಕಲ್ ರಿಪೇರಿ ಅಂಗಡಿ ಮೇಲೆ ಒಂದು ರೂಮಿದೆ. ಮೇಷ್ಟ್ರೊಬ್ರು ಬಂದು ಆರ್ಡರ್ ಕೊಟ್ಟು ಹೋದ್ರು. ಒಂದೇ ಕಿಟಕಿ, ಪಶ್ಚಿಮದ್ದು. ಸಂಜೆ ಬಿಸಿಲು ಮುಖಕ್ಕೇ ಹೊಡೆಯುತ್ತಂತೆ. ಮನೆಗೆ ಹೋಗ್ತಾ ಅಳತೆ ತಗೊಂಡುಬಿಡಮ್ಮ."

ಹೋದೆ. ಕಿರಿದಾದ ಮೆಟ್ಟಿಲು, ಗ್ರೀಸ್ ವಾಸನೆ. ಮೇಲೆ ಬಾಗಿಲು ತೆರೆದಿತ್ತು. ದುಂಡಗೆ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳು, ಎಂಟು ಹತ್ತು ಜನ. ಯಾವುದೋ ಸಂಘದ ಮೀಟಿಂಗ್ ಅಂದುಕೊಂಡೆ. ಕಿಟಕಿಯ ಎದುರಿಗೆ ಕೂತಿದ್ದ ಹಿರಿಯರು — ಬಿಳಿ ತಲೆ, ಜೇಬಿನಲ್ಲಿ ಎರಡು ಪೆನ್ನು, ಇವರೇ ಮೇಷ್ಟ್ರು ಎಂದು ಕೇಳದೆಯೇ ಗೊತ್ತಾಯಿತು — "ನೀವು ನಿಮ್ಮ ಕೆಲಸ ಮಾಡಿಮ್ಮ, ನಾವು ನಮ್ದು ಮಾಡ್ತಿರ್ತೀವಿ" ಎಂದರು.

ಸ್ಟೂಲ್ ಹತ್ತಿದೆ. ಬೆನ್ನ ಹಿಂದೆ ಒಂದು ದಪ್ಪ ದನಿ. ಲಾರಿ ಓಡಿಸುವವನಂತೆ.

"ಟೂಲ್ ಬಾಕ್ಸಲ್ಲಿ, ಸ್ಪ್ಯಾನರ್ ಕೆಳಗೆ, ಬಟ್ಟೆ ಸುತ್ತಿ ಇಡ್ತಿದ್ದೆ. ಕ್ಲೀನರ್‌ಗೆ ವಾಸನೆ ಗೊತ್ತಾಗ್ಬಾರ್ದು ಅಂತ ಲವಂಗ ಅಗೀತಿದ್ದೆ. ನನ್ನಂಥ ಬುದ್ಧಿವಂತ ಇಲ್ಲ ಅಂದ್ಕೊಂಡಿದ್ದೆ. ಒಂದಿನ ಅವನೇ ಒಂದು ಡಬ್ಬಿ ಲವಂಗ ತಂದುಕೊಟ್ಟ. ಅಣ್ಣಾ, ನಿಮ್ದು ಖಾಲಿಯಾಗಿತ್ತಲ್ಲ ಅಂತ."

ಎಲ್ಲರೂ ನಕ್ಕರು. ಅವನೂ ನಕ್ಕ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ — ನಾನು ಬಾಯಲ್ಲಿದ್ದ ಲವಂಗ ನುಂಗಿಬಿಟ್ಟೆ. ಗಂಟಲೆಲ್ಲ ಉರಿ.

ಮೂರು ಸಲ ಅಳೆದೆ. ಮೂರು ಸಲವೂ ಬೇರೆ ಬೇರೆ ಬಂತು. ಏನೋ ಒಂದು ಬರೆದುಕೊಂಡು ಇಳಿದೆ. ಹತ್ತುವಾಗ ಕಾಣದ ಬೋರ್ಡು ಇಳಿಯುವಾಗ ಕಂಡಿತು. 'ಕುಡಿತ ಬಿಟ್ಟವರು, ಬಿಡಬೇಕು ಅಂದುಕೊಂಡವರು ಮೇಲೆ ಬನ್ನಿ. ಮಂಗಳವಾರ, ಶುಕ್ರವಾರ, ಐದೂವರೆ.'

ಮನೆಗೆ ಬಂದು ಫ್ಲಾಸ್ಕ್ ಖಾಲಿ ಮಾಡಿದೆ. ಆದರೂ ಆ ನಗು ಕಿವಿಯಲ್ಲೇ ಇದೆ. ಅಂಥ ಮಾತು ಹೇಳಿ ನಗುವುದು ಹೇಗೆ...

ಮಾರ್ಚ್ 7, ಶುಕ್ರವಾರ

ಮತ್ತೆ ಹೋದೆ. ಅಳತೆ ಬರೆದ ಚೀಟಿ ಕಳೆದುಹೋಯಿತು ಎಂದೆ. ಚೀಟಿ ಪರ್ಸಿನಲ್ಲೇ ಇತ್ತು.

"ಕಳೀತಾವೆ, ಚೀಟಿ ಅಂದ್ಮೇಲೆ" ಎಂದರು ಮೇಷ್ಟ್ರು. ಅಷ್ಟೇ.

ನಿಧಾನವಾಗಿ ಅಳೆದೆ. ಅಗಲ. ಎತ್ತರ. ಸರಳಿನ ಉದ್ದ. ಕಿಟಕಿಯಿಂದ ನೆಲಕ್ಕೆ. ಅಳೆಯಲು ಬೇರೆ ಏನೂ ಉಳಿಯದಿದ್ದಾಗ ಗೋಡೆಯ ದಪ್ಪ ಅಳೆದೆ. ಕರ್ಟನ್‌ಗೂ ಗೋಡೆಯ ದಪ್ಪಕ್ಕೂ ಏನು ಸಂಬಂಧ, ದೇವರಿಗೇ ಗೊತ್ತು. ಒಬ್ಬ ಹುಡುಗಿ ಮಾತಾಡುತ್ತಿದ್ದಳು, ಆಸ್ಪತ್ರೆಯ ಸಮವಸ್ತ್ರದಲ್ಲೇ ಬಂದಿದ್ದಳು. ನರ್ಸು. ಇವಳೂ? ಇಷ್ಟು ಚಿಕ್ಕವಳು? ಹೆಂಗಸರಲ್ಲಿ ನಾನೊಬ್ಬಳೇ ಅಂದುಕೊಂಡು ಇಷ್ಟು ವರ್ಷ ಸತ್ತಿದ್ದೇನೆ.

ಮಾರ್ಚ್ 9, ಭಾನುವಾರ

ಮಗಳ ಮನೆ. ಭಾನುವಾರ ಹನ್ನೊಂದರಿಂದ ಒಂದು, ಅವಳಿರುವಾಗ ಮಾತ್ರ. ನಿಯಮ ಅವಳದು. ತಪ್ಪೆಂದು ಹೇಳುವ ಬಾಯಿ ನನಗಿಲ್ಲ. ಮೊಮ್ಮಗಳು ಪುಟ್ಟಿ ಹುಟ್ಟಿ ಮೂರು ತಿಂಗಳಾಗಿದ್ದಾಗ ನನ್ನನ್ನು ನಂಬಿ ಬಿಟ್ಟು ಹೋಗಿದ್ದಳು. ನಾನು ಹಾಲು ಒಲೆಯ ಮೇಲಿಟ್ಟು, ಫ್ಲಾಸ್ಕ್ ಜೊತೆ ಸೋಫಾದ ಮೇಲೆ... ಅವಳು ಬಂದಾಗ ಮನೆ ತುಂಬ ಹೊಗೆ, ಪಾತ್ರೆ ಕರಕಲು, ಒಳಕೋಣೆಯಲ್ಲಿ ಮಗು ಅತ್ತೂ ಅತ್ತೂ ದನಿ ಹೋಗಿತ್ತು. ಮಗುವಿಗೆ ಏನೂ ಆಗಲಿಲ್ಲ. ಏನೂ ಆಗದಿದ್ದದ್ದು ನನ್ನ ಪುಣ್ಯದಿಂದಲ್ಲ, ಅವಳು ಬಸ್ಸು ಬೇಗ ಹಿಡಿದದ್ದರಿಂದ.

ಅಂದಿನಿಂದ ಪುಟ್ಟಿಯನ್ನು ನನ್ನ ಕೈಗೆ ಕೊಟ್ಟಿಲ್ಲ. ಇವತ್ತೂ ಅವಳ ತೊಡೆಯ ಮೇಲೆಯೇ. ನಾನು ಎದುರಿಗೆ ಕೂತು ಚಪ್ಪಾಳೆ ತಟ್ಟಿದೆ. ಅದು ನನ್ನ ಟೇಪನ್ನೇ ನೋಡುತ್ತಿತ್ತು. ನನ್ನ ಆಸೆ ದೊಡ್ಡದೇನಲ್ಲ. ಒಂದು ಸಲ, ಯಾರೂ ಕಾವಲಿಲ್ಲದೆ, ಆ ಮಗು ನನ್ನ ಹತ್ತಿರ ಇರಬೇಕು. ಅವಳಾಗಿ ಬಿಟ್ಟುಹೋಗಬೇಕು.

ಮಲಗುವ ಕೋಣೆಯ ಕಿಟಕಿಗೆ ಇನ್ನೂ ಕರ್ಟನ್ ಇಲ್ಲ. ಹಳೇ ಬೆಡ್‌ಶೀಟ್ ನೇತುಹಾಕಿದ್ದಾಳೆ, ಅದೂ ಅರ್ಧ ಜಾರಿದೆ. ಮನೆ ಮಾಡಿದಾಗಲೇ ಹೊಲಿದು ಕೊಡುತ್ತೇನೆ ಅಂದಿದ್ದೆ. ಊರಿಗೆಲ್ಲ ಹೊಲಿದೆ.

ಮಾರ್ಚ್ 14, ಶುಕ್ರವಾರ

ಎರಡನೆಯ ನೆಪ: ಟೇಪು ಹಳೆಯದು, ಎಳೆದೂ ಎಳೆದೂ ಉದ್ದವಾಗಿದೆ, ಹೊಸ ಟೇಪಿನಲ್ಲಿ ಅಳೆಯಬೇಕು. ಇದು ಪೂರ್ತಿ ಸುಳ್ಳಲ್ಲ. ಬಟ್ಟೆಯ ಟೇಪು ಹಿಗ್ಗುತ್ತದೆ.

ಕಿಟಕಿಯ ಕೆಳಗೆ ಸ್ಟೂಲ್ ಇರಲಿಲ್ಲ. ಕುರ್ಚಿ ಇತ್ತು. ಲಾರಿಯವನು — ಎಲ್ಲರೂ ಲಾರಿಯಣ್ಣ ಅನ್ನುತ್ತಾರೆ — ಹೇಳಿದ: "ಸ್ಟೂಲ್ ಅಲುಗ್ತಿತ್ತು ಅಕ್ಕ. ಕುರ್ಚಿ ಹಾಕಿದೀವಿ. ಅಳತೆ ಬರ್ಕೊಳ್ಳೋಕೆ ಕೂತ್ಕೋಬಹುದು."

ಅಳೆದೆ. ಬರೆದುಕೊಳ್ಳಲು ಕೂತೆ. ಎರಡು ಅಂಕಿ ಬರೆಯಲು ಒಂದು ಗಂಟೆ ಹಿಡಿಯಿತು. ಯಾರೂ ತಿರುಗಿ ನೋಡಲಿಲ್ಲ.

ಕೊನೆಗೆ ಟೀ. ನರ್ಸು ಹುಡುಗಿ ಎಲ್ಲರಿಗೂ ಕಪ್ ತುಂಬ ಕೊಟ್ಟಳು, ನನಗೆ ಮಾತ್ರ ಅರ್ಧ. ಮೊದಲು ಸಿಟ್ಟು ಬಂತು. ಹೊರಗಿನವಳು ಅಂತ ಅರ್ಧವೇ? ಕೈಯಲ್ಲಿ ಹಿಡಿದ ಮೇಲೆ ತಿಳಿಯಿತು. ಕಪ್ ಸಾಸರಿಗೆ ಕಟಕಟ ಬಡಿಯುತ್ತಿತ್ತು. ಅರ್ಧವಿದ್ದದ್ದರಿಂದ ಚೆಲ್ಲಲಿಲ್ಲ. ಕುಡಿದು ಮುಗಿಸಿದ ಮೇಲೆ ಬಂದು ಇನ್ನರ್ಧ ಸುರಿದು ಹೋದಳು.

ಅರ್ಧ ಕಪ್ ಟೀಗೆ ಯಾರಾದರೂ ಅಳುತ್ತಾರೆಯೇ. ಮೆಟ್ಟಿಲ ಮೇಲೆ ನಿಂತು ಅತ್ತೆ. ಸೈಕಲ್ ಅಂಗಡಿಯವನು ಟ್ಯೂಬಿಗೆ ಗಾಳಿ ಹೊಡೆಯುವುದನ್ನು ನಿಲ್ಲಿಸಿ, ಮತ್ತೆ ಹೊಡೆಯತೊಡಗಿದ. ಅವನಿಗೆ ಅಭ್ಯಾಸವಿರಬೇಕು.

ಮಾರ್ಚ್ 18, ಮಂಗಳವಾರ

ಯಜಮಾನರು: "ಏನಮ್ಮ, ಒಂದು ಕಿಟಕಿಗೆ ಎಷ್ಟು ಸಲ ಹೋಗ್ತೀಯ? ಅರಮನೆನಾ ಅದು?"

ಬಟ್ಟೆ ಆರಿಸಿಲ್ಲ ಎಂದೆ. ಸ್ಯಾಂಪಲ್ ಪುಸ್ತಕ ಹೊತ್ತುಕೊಂಡು ಹೋದೆ. ಮೇಷ್ಟ್ರು ಅದನ್ನು ಸುತ್ತ ಕೂತವರಿಗೆಲ್ಲ ದಾಟಿಸಿದರು. ಲಾರಿಯಣ್ಣನಿಗೆ ಕೆಂಪೇ ಬೇಕಂತೆ. ನರ್ಸು, "ಕೆಂಪು ಹಾಕಿದ್ರೆ ನಾನು ಬರಲ್ಲ, ಆಪರೇಷನ್ ಥಿಯೇಟರ್ ನೆನಪಾಗುತ್ತೆ" ಎಂದಳು. ಮೂಲೆಯವರೊಬ್ಬರು ಹೂವು, ಇನ್ನೊಬ್ಬರು ಗೆರೆ. ಮದುವೆಗೆ ಸೀರೆ ಆರಿಸುವವರೂ ಇಷ್ಟು ಜಗಳವಾಡುವುದಿಲ್ಲ. ತೀರ್ಮಾನವಾಗಲಿಲ್ಲ. "ಅವಸರ ಏನಿಲ್ಲ, ಶುಕ್ರವಾರ ನೋಡೋಣ" ಎಂದರು ಮೇಷ್ಟ್ರು. ಕೈಯನ್ನು ಹಣೆಗೆ ಅಡ್ಡ ಹಿಡಿದುಕೊಂಡೇ ಹೇಳಿದರು. ಅವರು ಯಾವಾಗಲೂ ಹಾಗೆಯೇ, ಸಲ್ಯೂಟ್ ಹೊಡೆದವರಂತೆ ಕೂರುತ್ತಾರೆ.

ಹೊಸಬನೊಬ್ಬ, ಬಿಟ್ಟು ಎಷ್ಟು ದಿನವಾಯಿತೆಂದು ಎಲ್ಲರನ್ನೂ ಕೇಳುತ್ತಿದ್ದ. ಮೇಷ್ಟ್ರು ತಡೆದರು. "ಮೂವತ್ತು ವರ್ಷ ಲೆಕ್ಕ ಕಲಿಸಿದೀನಿ ಕಣಪ್ಪ. ಇಲ್ಲಿ ಲೆಕ್ಕ ಬೇಡ. ಇವತ್ತು ಬಂದ್ಯಾ? ಸರಿ, ಟೀ ಕುಡಿ."

ಮಾರ್ಚ್ 21, ಶುಕ್ರವಾರ. ಸಂಜೆ

ಬರೆಯಲೇಬೇಕು.

ಇವತ್ತು ಬೇಗ ಹೋಗಿದ್ದೆ. ನರ್ಸು ಕುರ್ಚಿ ಹಾಕುತ್ತಿದ್ದಳು. ಮೇಷ್ಟ್ರ ಕುರ್ಚಿಯನ್ನು ಕಿಟಕಿಯ ಎದುರಿಗೇ ಇಟ್ಟಳು. ಪಕ್ಕಕ್ಕೆ ಹಾಕಬಾರದೇ ಎಂದೆ.

"ಅಲ್ಲಿ ಕೂತ್ರೆ ಕಿಟಕಿ ಪಕ್ಕದ ಬಾಗಿಲು ನೇರ ಕಾಣುತ್ತೆ. ಯಾರಾದ್ರೂ ಮೆಟ್ಟಿಲಲ್ಲಿ ನಿಂತು ವಾಪಸ್ ಹೋಗ್ತಾರಾ ಅಂತ ನೋಡ್ಬೇಕು ಅವರಿಗೆ. ಕಣ್ಣಿನ ಆಪರೇಷನ್ ಆಗಿ ಒಂದು ತಿಂಗಳೂ ಆಗಿಲ್ಲ. ಡಾಕ್ಟರ್ ಬಿಸಿಲಿಗೆ ಕೂರಲೇಬೇಡಿ ಅಂದಿದಾರೆ. ಅದಕ್ಕೇ ಅಲ್ವಾ ಕರ್ಟನ್ ಹೇಳಿದ್ದು."

ಸಲ್ಯೂಟ್ ಅಲ್ಲ ಅದು. ಚೀಟಿ ಕಳೆಯಿತು, ಟೇಪು ಹಿಗ್ಗಿತು, ಬಣ್ಣ ಒಪ್ಪಿಗೆಯಾಗಲಿಲ್ಲ ಎಂದು ನಾನು ಕತೆ ಕಟ್ಟುತ್ತಿದ್ದರೆ ಆ ಮನುಷ್ಯ ಕೊಯ್ದ ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡು ಕೂತಿದ್ದರು.

ಅವರು ಬಂದ ಕೂಡಲೇ ಕೇಳಿದೆ. "ಮೇಷ್ಟ್ರೇ, ಕರ್ಟನ್ ಬೇಗ ಕೊಡು ಅಂತ ಒಂದು ಮಾತು ಯಾಕೆ ಹೇಳ್ಲಿಲ್ಲ? ಒಂದು ದಿನದ ಕೆಲಸ ಅದು."

ಅವರು ಕೂತರು, ಕನ್ನಡಕ ಒರೆಸಿಕೊಂಡರು. "ಕರ್ಟನ್ ಬಂದುಬಿಟ್ರೆ ನೀವು ಬರ್ತಿರ್ಲಿಲ್ವಲ್ಲಮ್ಮ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ. ಮೊದಲ ದಿನವೇ ಎಲ್ಲರಿಗೂ ಗೊತ್ತಿತ್ತು. ಲಾರಿಯಣ್ಣ ತಲೆ ತಗ್ಗಿಸಿಕೊಂಡು ನಗುತ್ತಿದ್ದ. "ಅಕ್ಕ, ನೀವು ಗೋಡೆ ದಪ್ಪ ಅಳೆದ್ರಲ್ಲ, ಅವತ್ತು ನನಗೆ ನಗು ತಡ್ಕೊಳ್ಳೋಕಾಗ್ಲಿಲ್ಲ. ಕೆಮ್ಮಿದ ಹಾಗೆ ಮಾಡ್ದೆ."

ಆಮೇಲೆ ಹೇಳಿದೆ. ಕಿಟಕಿಗೆ ಬೆನ್ನು ಹಾಕಿ, ಅವರ ಕಡೆ ತಿರುಗಿ ಹೇಳಿದೆ. ನಾನು ಕುಡಿಯುತ್ತೇನೆ. ಗಂಡ ಹೋದ ಮೇಲೆ ಶುರುವಾಯಿತು ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ, ಅದು ಸುಳ್ಳು, ಅವರಿರುವಾಗಲೇ ಶುರುವಾಗಿತ್ತು. ಪಾಪ, ಸತ್ತವರು ಬಂದು ಇಲ್ಲವೆನ್ನುವುದಿಲ್ಲವಲ್ಲ. ಹಾಲಿನ ಪಾತ್ರೆಯ ವಿಷಯ ಹೇಳುವಾಗ ನಾಲಿಗೆ ಹೊರಳಲಿಲ್ಲ. ಕಾದರು. ಹೇಳಿ ಮುಗಿಸಿದೆ.

ಯಾರೂ ಛೇ ಎನ್ನಲಿಲ್ಲ. ಬುದ್ಧಿ ಹೇಳಲಿಲ್ಲ. ಲಾರಿಯಣ್ಣ ಮಾತ್ರ ಮೂಗು ಸೊರ ಸೊರ ಮಾಡಿದ. ನರ್ಸು, "ಫ್ಲಾಸ್ಕನ್ನ ಒಂದೇ ಸಲ ಎಸೀಬೇಡಿ ಅಕ್ಕ. ಇಷ್ಟು ವರ್ಷ ಕುಡಿದ ಮೈ, ದಿಢೀರ್ ಬಿಟ್ರೆ ಅಪಾಯ. ನಾಳೆ ನಮ್ಮ ಡಾಕ್ಟರ್ ಹತ್ರ ನಾನೇ ಕರ್ಕೊಂಡ್ ಹೋಗ್ತೀನಿ" ಎಂದಳು. ಮಗಳಿಗಿಂತ ಚಿಕ್ಕವಳು. ನನ್ನ ಕೈ ಹಿಡಿದುಕೊಂಡೇ ಹೇಳಿದಳು.

ಇವರಿಗೆ ನಾನು ಯಾರು? ಬಿಳಿ ಗೋಡೆ ಅಳೆಯಲು ಬಂದ ಕುಡುಕಿ. ಎಷ್ಟು ಕೈ ಮುಗಿದರೂ ಸಾಲದು.

ಮಾರ್ಚ್ 31, ಸೋಮವಾರ

ಇಷ್ಟು ದಿನ ಪೆನ್ನು ಹಿಡಿಯಲಾಗಲಿಲ್ಲ. ಜ್ವರವಲ್ಲ, ಜ್ವರದ ಅಪ್ಪ. ಡಾಕ್ಟರು ಮೂರು ದಿನ ಆಸ್ಪತ್ರೆಯಲ್ಲಿಟ್ಟುಕೊಂಡರು. ಆಮೇಲೆ ಮನೆಯಲ್ಲಿ ಮಾತ್ರೆ, ಬೆವರು, ವಾಂತಿ, ಗೋಡೆಯ ಮೇಲೆ ಇಲ್ಲದ ಇರುವೆ. ನರ್ಸು ಡ್ಯೂಟಿಗೆ ಹೋಗುವಾಗೊಮ್ಮೆ, ಬರುವಾಗೊಮ್ಮೆ ಬಂದಳು. ಲಾರಿಯಣ್ಣ ಗಂಜಿ ತಂದ, ಉಪ್ಪು ಹಾಕುವುದನ್ನೇ ಮರೆತಿದ್ದ. ಎರಡು ಲೋಟ ಕುಡಿದೆ.

ಮಗಳಿಗೆ ಮೈ ಹುಷಾರಿಲ್ಲ ಎಂದಷ್ಟೇ ಹೇಳಿದೆ. ಅವಳು, "ಹೌದಾ" ಎಂದಳು. ಇದು ಎಂಥ ಕಾಯಿಲೆ ಎಂದು ತನಗೆ ಚೆನ್ನಾಗಿ ಗೊತ್ತು ಅಂದುಕೊಂಡಿರುತ್ತಾಳೆ.

ಏಪ್ರಿಲ್ 4, ಶುಕ್ರವಾರ

ಕರ್ಟನ್ ಹಾಕಿದೆ. ಬೂದು ಬಣ್ಣ, ಸಣ್ಣ ಗೆರೆ, ದಪ್ಪ ಲೈನಿಂಗ್. ಯಾರಿಗೂ ಇಷ್ಟವಾಗದ ಬಣ್ಣ, ಆದ್ದರಿಂದ ಜಗಳವಿಲ್ಲ. ಲಾರಿಯಣ್ಣ ಕುರ್ಚಿ ಗಟ್ಟಿಯಾಗಿ ಹಿಡಿದುಕೊಂಡ, ಕೊಂಡಿಗಳನ್ನು ಒಂದೊಂದಾಗಿ ಸರಳಿಗೆ ಸಿಕ್ಕಿಸಿದೆ. ಕೆಳಗಿಳಿದು ನೋಡುತ್ತೇನೆ — ಒಂದು ಗೇಣು ಗಿಡ್ಡ.

ನೆಲ ಬಿರಿದು ನುಂಗಬಾರದೇ ಅನಿಸಿತು. ಇಪ್ಪತ್ತೈದು ವರ್ಷದ ಕೈ. ಈ ಊರಿನಲ್ಲಿ ಇಷ್ಟು ಸಲ ಅಳೆಸಿಕೊಂಡ ಕಿಟಕಿ ಇನ್ನೊಂದಿಲ್ಲ, ಅದಕ್ಕೇ ಗಿಡ್ಡ. ಮೊದಲ ದಿನದ ಚೀಟಿ ನೋಡಿ ಕತ್ತರಿಸಿದ್ದೆ.

ಬಿಚ್ಚಲು ಕೈ ಎತ್ತಿದೆ. ಮೇಷ್ಟ್ರು ಬಿಡಲಿಲ್ಲ. ಗೇಣಗಲದ ಬಿಸಿಲು ಅವರ ಪಾದದ ಮೇಲೆ ಬಿದ್ದಿತ್ತು. ಕೈ ಹಣೆಯಿಂದ ಇಳಿದಿತ್ತು. ಅವರ ಇಡೀ ಮುಖವನ್ನು ಇವತ್ತೇ ನೋಡಿದ್ದು. "ಕಣ್ಣಿಗೆ ನೆರಳು, ಕಾಲಿಗೆ ಬಿಸಿ. ಈ ವಯಸ್ಸಲ್ಲಿ ಇನ್ನೇನು ಬೇಕಮ್ಮ."

ಈಗ ನನಗೂ ಹೆಸರು ಬಿದ್ದಿದೆ. ಕರ್ಟನ್ ಅಕ್ಕ.

ಏಪ್ರಿಲ್ 8, ಮಂಗಳವಾರ

ಬೆಳಗ್ಗೆ ಎದ್ದೆ, ಟೀ ಮಾಡಿದೆ, ಫ್ಲಾಸ್ಕಿಗೆ ಟೀ ಹಾಕಿದೆ. ಅಂಗಡಿಯಲ್ಲಿ ಹತ್ತು ಗಂಟೆಗೆ ಕತ್ತರಿ ಓಡಿತು. ಹನ್ನೆರಡಕ್ಕೂ ಓಡಿತು. ಮೂರಕ್ಕೂ. ಯಜಮಾನರು ಬಟ್ಟೆಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಇಟ್ಟರು. ಅವರ ಮಟ್ಟಿಗೆ ಅದು ಹೊಗಳಿಕೆ.

ಮಧ್ಯಾಹ್ನ ಊಟಕ್ಕೆ ರುಚಿ ಇತ್ತು. ಅನ್ನಕ್ಕೆ ಇಷ್ಟು ರುಚಿ ಇರುತ್ತದೆಯೇ. ಮರೆತೇಹೋಗಿತ್ತು.

ಏಪ್ರಿಲ್ 13, ಭಾನುವಾರ

ಮಗಳ ಮನೆ. ಪುಟ್ಟಿ ತೆವಳುತ್ತಾಳೆ. ನನ್ನ ಕಾಲಿನವರೆಗೆ ಬಂದಳು. ಎತ್ತಿಕೊಳ್ಳಲು ಬಗ್ಗುವಷ್ಟರಲ್ಲಿ ಮಗಳು ಬಂದು ಎತ್ತಿಕೊಂಡಳು. ಒರಟಾಗಿ ಅಲ್ಲ. ಬಿಸಿ ಪಾತ್ರೆಯ ಹತ್ತಿರ ಹೋದ ಮಗುವನ್ನು ಎತ್ತಿಕೊಳ್ಳುತ್ತಾರಲ್ಲ, ಹಾಗೆ.

ನಾನು ಬಿಟ್ಟಿದ್ದೇನೆ ಎಂದು ಹೇಳಲು ಬಾಯಿ ತೆರೆದೆ. ಎಷ್ಟು ಸಲ ಹೇಳಿಲ್ಲ ಈ ಮಾತನ್ನು... ಬಾಯಿ ಮುಚ್ಚಿದೆ. ಅವಳೇ ಹೇಳಿದಳು: "ಅಮ್ಮ, ಮುಂದಿನ ವಾರದಿಂದ ಒಬ್ರು ಆಯಾ ಬರ್ತಾರೆ. ಪಕ್ಕದ ಮನೆಯವರಿಗೆ ಗೊತ್ತಿರೋರು. ತುಂಬ ನಂಬಿಕಸ್ತರಂತೆ."

ಒಳ್ಳೆಯದಾಯಿತು ಎಂದೆ. ನಕ್ಕೆ ಕೂಡ. ನಂಬಿಕಸ್ತರಂತೆ.

ಏಪ್ರಿಲ್ 17

ಕುಡಿದೆ.

ಏಪ್ರಿಲ್ 29, ಮಂಗಳವಾರ

ಒಂದು ಮಂಗಳವಾರ, ಎರಡು ಶುಕ್ರವಾರ ತಪ್ಪಿಸಿದೆ. ಕುಡಿದದ್ದು ಎರಡು ದಿನ, ಮುಖ ಮುಚ್ಚಿಕೊಂಡದ್ದು ಹತ್ತು ದಿನ. ನರ್ಸು ಬಾಗಿಲು ತಟ್ಟಿದಾಗ ಉಸಿರು ಬಿಗಿಹಿಡಿದು ಕೂತೆ. ಅವಳು ಸ್ವಲ್ಪ ಹೊತ್ತು ನಿಂತು, "ಅಕ್ಕ, ಒಳಗಿದೀರಿ ಅಂತ ಗೊತ್ತು. ನಾಳೆ ಬರ್ತೀನಿ" ಎಂದು ಹೋದಳು. ಮರುದಿನ ಬಂದಳು. ಅದರ ಮರುದಿನವೂ ಬಂದಳು. ಮೂರನೆಯ ಸಲ ತೆಗೆದೆ. ಡಾಕ್ಟರ ಹತ್ತಿರ ಮತ್ತೆ ಕರೆದುಕೊಂಡು ಹೋದಳು. ಯಾಕೆ ಕುಡಿದಿರಿ ಎಂದು ದಾರಿಯುದ್ದಕ್ಕೂ ಕೇಳಲಿಲ್ಲ.

ಇವತ್ತು ಸೈಕಲ್ ಅಂಗಡಿಯವರೆಗೆ ಹೋದೆ. ಮೆಟ್ಟಿಲ ಕೆಳಗೆ ನಿಂತೆ. ಏನೆಂದು ಹತ್ತುವುದು? ಕೊರಳಲ್ಲಿ ಟೇಪು ಇತ್ತು. ಕೈಯಲ್ಲಿ ಹಿಡಿದುಕೊಂಡೆ, ಹತ್ತಿದೆ. ಬಾಗಿಲಲ್ಲಿ ನಿಂತು, "ಕರ್ಟನ್ ಒಂದು ಗೇಣು ಗಿಡ್ಡ ಆಗಿತ್ತಲ್ಲ. ಅಳತೆ ತಗೊಳ್ಳೋಕೆ ಬಂದೆ" ಎಂದೆ. ದನಿ ನನ್ನದಲ್ಲವೇನೋ ಅನ್ನುವಂತಿತ್ತು.

ಮೇಷ್ಟ್ರು ಕಿಟಕಿಯ ಕಡೆ ನೋಡಿದರು, ಗಂಭೀರವಾಗಿ.

"ಹೌದಮ್ಮ, ಕಿಟಕಿ ಇನ್ನೂ ಸ್ವಲ್ಪ ಬೆಳೆದಿರ್ಬೇಕು. ಅಳೆದು ನೋಡಿ. ಆಮೇಲೆ ಕೂತ್ಕೊಳ್ಳಿ."

ನನ್ನ ಕುರ್ಚಿ ಅಲ್ಲೇ ಇತ್ತು. ಹೊಸಬನೊಬ್ಬ ಅದರಲ್ಲಿ ಕೂರಲು ಹೋದದ್ದಕ್ಕೆ ಲಾರಿಯಣ್ಣ, ಅದು ಅಳತೆಯವರ ಕುರ್ಚಿ ಎಂದು ಎಬ್ಬಿಸಿದ್ದನಂತೆ.

ಹೇಳಿದೆ. ಆಯಾ ವಿಷಯ, ನಂಬಿಕಸ್ತರು ಅನ್ನುವ ಮಾತು, ಆಮೇಲಿನದು. ಟೀ ಬಂತು. ಮತ್ತೆ ಅರ್ಧ ಕಪ್. ಮುಗಿದ ಮೇಲೆ ಲಾರಿಯಣ್ಣ ಮೆಟ್ಟಿಲಲ್ಲಿ ಹಿಂದೆಯೇ ಬಂದ.

"ಅಕ್ಕ, ಮಗಳಿಗೆ ಹೇಳಿದೀರಾ?"

"ಬಿಟ್ಟಿದೀನಿ ಅಂತಾನೇ ಹೇಳಿಲ್ಲ. ಕುಡಿದೆ ಅಂತ ಏನ್ ಹೇಳ್ಲಿ?"

"ಅದನ್ನೇ ಹೇಳಿ. ಬಿಟ್ಟೆ ಅಂದ್ರೆ ಯಾರೂ ನಂಬಲ್ಲ, ನಮ್ಮ ಮನೆಯವಳೂ ನಂಬ್ತಿರ್ಲಿಲ್ಲ. ಜಾರಿದೆ ಅಂತ ನಾವಾಗೇ ಹೋಗಿ ಹೇಳಿದ್ರೆ ನಂಬ್ತಾರೆ. ಯಾರೂ ಸುಮ್ಮಸುಮ್ನೆ ಹಂಗೆ ಹೇಳ್ಕೊಳ್ಳಲ್ಲ ನೋಡಿ."

ಇದ್ದ ಭಾನುವಾರವೂ ಹೋದರೆ? ಎರಡು ಗಂಟೆಯಾದರೂ ಆ ಮುಖ ನೋಡುತ್ತಿದ್ದೇನೆ. ಅದನ್ನೂ ಕಳೆದುಕೊಳ್ಳಲೇ?

ಮೇ 4, ಭಾನುವಾರ

ಹೇಳಿದೆ.

ಚಪ್ಪಲಿ ಬಿಡುವ ಮೊದಲೇ ಹೇಳಿದೆ, ಒಳಗೆ ಹೋದರೆ ಧೈರ್ಯ ಹೋಗುತ್ತದೆ ಎಂದು. ಮಾರ್ಚಿನಿಂದ ಒಂದು ಗುಂಪಿಗೆ ಹೋಗುತ್ತಿದ್ದೇನೆ, ಬಿಟ್ಟಿದ್ದೆ, ಏಪ್ರಿಲ್‌ನಲ್ಲಿ ಎರಡು ದಿನ ಕುಡಿದೆ, ಮತ್ತೆ ಹೋಗುತ್ತಿದ್ದೇನೆ. ಭಾನುವಾರ ಬರಬೇಡ ಅಂದರೆ ಬರುವುದಿಲ್ಲ.

ಅವಳು ಬಾಗಿಲು ಹಿಡಿದುಕೊಂಡೇ ನಿಂತಳು. ಮುಚ್ಚುತ್ತಾಳೆ ಅಂದುಕೊಂಡೆ.

"ಯಾವ ಗುಂಪು?"

ಕಿಟಕಿಯ ಕತೆ ಹೇಳಬೇಕಾಯಿತು. ಚೀಟಿ, ಟೇಪು, ಗೋಡೆಯ ದಪ್ಪ. ಗೋಡೆಯ ದಪ್ಪಕ್ಕೆ ಬಂದಾಗ ಅವಳಿಗೆ ನಗು ಬಂತು. ನಗುತ್ತಾ ನಗುತ್ತಾ ಅಳತೊಡಗಿದಳು. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು. ನೀರಿನ ಸದ್ದು ಬಹಳ ಹೊತ್ತು ಬಂತು. ಮುಖ ತೊಳೆದುಕೊಂಡು ಹೊರಗೆ ಬಂದಳು.

"ಚಿಕ್ಕಂದಿನಿಂದ ನಿನ್ನ ಬಾಟ್ಲಿ ಹುಡುಕಿದೀನಿ ನಾನು. ಅಕ್ಕಿ ಡಬ್ಬಿಲಿ, ಮೆಷಿನ್ ಕೆಳಗೆ, ನನ್ನ ಸ್ಕೂಲ್ ಬ್ಯಾಗಲ್ಲಿ ಕೂಡ. ನಾನು ಹುಡುಕೋ ಮೊದಲೇ ನೀನೇ ಬಂದು ಹೇಳಿದ್ದು ಇದೇ ಮೊದಲನೇ ಸಲ ಅಮ್ಮ."

ಸ್ಕೂಲ್ ಬ್ಯಾಗಿನದು ಅವಳಿಗೆ ಗೊತ್ತಿರಲಿಲ್ಲ ಅಂದುಕೊಂಡಿದ್ದೆ.

ಆಮೇಲೆ ಸೋಫಾದ ಮೇಲೆ ಕೂರಿಸಿ, ಪುಟ್ಟಿಯನ್ನು ತಂದು ತೊಡೆಯ ಮೇಲಿಟ್ಟಳು. ತಾನು ಪಕ್ಕದಲ್ಲೇ ಕೂತಳು, ಒಂದು ಕೈ ಮಗುವಿನ ಬೆನ್ನಿಗೆ. ಇರಲಿ. ಆ ಕೈ ಇರಬೇಕಾದದ್ದೇ. ಪುಟ್ಟಿ ಟೇಪಿನ ತುದಿಯನ್ನು ಬಾಯಿಗೆ ಹಾಕಿ ಹತ್ತು ಇಂಚಿನವರೆಗೂ ಚೀಪಿದಳು.

ಮೇ 6, ಮಂಗಳವಾರ

ಗುಂಪಿನಲ್ಲಿ ಹೇಳಿದೆ. ಲಾರಿಯಣ್ಣ ಅತ್ತ. ಅವನು ಎಲ್ಲದಕ್ಕೂ ಅಳುತ್ತಾನೆ, ಆದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಮೇಷ್ಟ್ರು ಎರಡು ಪೆನ್ನು ಸರಿಮಾಡಿಕೊಂಡರು. ಅದನ್ನು ಲೆಕ್ಕಕ್ಕೆ ಹಿಡಿಯಬಹುದು.

ಟೀ ಪೂರ್ತಿ ಕಪ್ ಕೊಟ್ಟಳು ನರ್ಸು. ಚೆಲ್ಲಲಿಲ್ಲ.

ಮೇ 20, ಮಂಗಳವಾರ. ಬೆಳಗ್ಗೆ ಒಂಬತ್ತು

ಮಗಳ ಫೋನು. ಆಯಾಗೆ ಜ್ವರ. ಅಳಿಯ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದಾನೆ. ಅವಳಿಗೆ ಮಧ್ಯಾಹ್ನ ಆಫೀಸಿನಲ್ಲಿ ಇರಲೇಬೇಕಂತೆ.

"ಅಮ್ಮ... ಎರಡು ಗಂಟೆಗೆ ಬರ್ತೀಯಾ?"

"ನೀನಿರ್ತೀಯಲ್ಲ?" ಎಂದೆ. ಎಂಥ ಪೆದ್ದು ನಾನು.

"ಇರಲ್ಲಮ್ಮ. ಅದಕ್ಕೇ ಕೇಳ್ತಿರೋದು." ಆಮೇಲೆ ಅವಳೇ, "ಐದಕ್ಕೆ ಮೊದಲು ಬಂದುಬಿಡ್ತೀನಿ. ಇವತ್ತು ಮಂಗಳವಾರ, ಗೊತ್ತು. ನಿನ್ನ ಕಿಟಕಿ ತಪ್ಸಲ್ಲ."

ಯಜಮಾನರನ್ನು ಅರ್ಧ ದಿನ ರಜೆ ಕೇಳಿದೆ. ಯಾರ ಕಿಟಕಿ ಎಂದರು. ನನ್ನ ಮಗಳದ್ದು ಎಂದೆ.

ಅದೇ ದಿನ, ಮೂರೂವರೆ. ಮಗಳ ಮನೆ

ಹೋದಳು. ಬಾಗಿಲಲ್ಲಿ ಒಂದು ಸಲ ತಿರುಗಿ ನೋಡಿದಳು. ಎರಡು ಸಲ ನೋಡುತ್ತಾಳೆ ಅಂದುಕೊಂಡಿದ್ದೆ.

ಒಲೆ ಹಚ್ಚಿಲ್ಲ. ಹಾಲು ಅವಳೇ ಕಾಯಿಸಿ ಇಟ್ಟುಹೋಗಿದ್ದಾಳೆ. ಕುಡಿಸಿದೆ, ಹೆಗಲ ಮೇಲೆ ಹಾಕಿಕೊಂಡು ಬೆನ್ನು ತಟ್ಟಿದೆ, ಅಂಗಿಯ ಮೇಲೆ ಸ್ವಲ್ಪ ಕಕ್ಕಿದಳು. ಮಲಗಿದಳು. ಮಲಗಿದವಳನ್ನು ಬಿಟ್ಟು ಆ ಕೋಣೆಯಿಂದ ಆಚೆ ಹೋಗಿಲ್ಲ. ಬಾಯಾರಿದೆ, ನೀರಿಗೂ ಹೋಗಿಲ್ಲ.

ಈ ಕಿಟಕಿ ಅಳೆದೆ. ಒಂದೇ ಸಲ. ಸರಿಯಾಗಿ ಬಂತು. ಶುಕ್ರವಾರದೊಳಗೆ ಹೊಲಿಯುತ್ತೇನೆ, ಗೇಣು ಉದ್ದವೇ ಇರಲಿ.

ನಾಲ್ಕು ಗಂಟೆ

ಇದೂ ಪಶ್ಚಿಮದ ಕಿಟಕಿ. ಜಾರಿದ ಬೆಡ್‌ಶೀಟಿನ ಸಂದಿಯಿಂದ ಬಿಸಿಲು ಮಂಚದ ಕಾಲು ಹತ್ತಿತು, ಹಾಸಿಗೆ ಹತ್ತಿತು, ಪುಟ್ಟಿಯ ಕೆನ್ನೆಯವರೆಗೆ ಬಂತು. ಬೆಡ್‌ಶೀಟ್ ಎಳೆದರೆ ಸರಳು ಸದ್ದು ಮಾಡುತ್ತದೆ, ಎದ್ದುಬಿಡುತ್ತಾಳೆ. ಕುರ್ಚಿ ಎತ್ತಿ ಅಡ್ಡ ಇಟ್ಟುಕೊಂಡು ಕೂತಿದ್ದೇನೆ. ಈಗ ನನ್ನ ನೆರಳು ಅವಳ ಮುಖದ ಮೇಲಿದೆ. ಪುಸ್ತಕ ತೊಡೆಯ ಮೇಲೆ.

ಬಿಸಿಲು ನನ್ನ ಕೆನ್ನೆಗೆ, ಕಣ್ಣಿನ ಬದಿಗೆ ಹೊಡೆಯುತ್ತಿದೆ. ಕೈ ಅಡ್ಡ ಹಿಡಿದುಕೊಂಡಿದ್ದೇನೆ, ಮೇಷ್ಟ್ರ ಹಾಗೆ, ಸಲ್ಯೂಟ್ ಹೊಡೆದವಳಂತೆ. ಅಷ್ಟು ವಾರ ಹೀಗೆ ಕೂತಿದ್ದರಲ್ಲ ಆ ಮುದುಕರು, ನಾನು ಮೆಟ್ಟಿಲಿಂದ ವಾಪಸ್ ಹೋಗದಿರಲಿ ಎಂದು. ಕಣ್ಣಲ್ಲಿ ನೀರು ಬರುತ್ತಿದೆ. ಬಿಸಿಲಿಗೂ ಇರಬಹುದು. ನಾನು ಅಲುಗುವುದಿಲ್ಲ. ಇವತ್ತು ಸಂಜೆ ಹೋಗಿ ಅವರಿಗೆ ಹೇಳಬೇಕು, ಮೇಷ್ಟ್ರೇ, ನನ್ನ ಹತ್ತಿರ ಬಿಟ್ಟುಹೋದಳು, ಅವಳಾಗಿಯೇ

ಎದ್ದಳು. ಅಳುತ್ತಿಲ್ಲ. ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಾಳೆ. ಪೆನ್ನು ಕೆಳಗಿಡುತ್ತೇನೆ.